ಮೂರನೇ ತೂಬಿನ ಪ್ರಗತಿ ವರದಿ

ಚನ್ನೇಶ್ ಏಕಕಾಲಕ್ಕೆ ನಾಲ್ಕು ಪುಸ್ತಕ ಬರೆಯುತ್ತಿದ್ದ. ಒಂದೇ ಪುಸ್ತಕ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಪಾಪ, ಅವರ ಪುಸ್ತಕ ಒಂದಲ್ಲ ಒಂದು ದಿನ ಮುಗಿದುಹೋಗುತ್ತದೆ. ನಾಲ್ಕು ಬರೆಯುವವನಿಗೆ ಆ ಅಪಾಯವೇ ಇಲ್ಲ. ಒಂದು ನಿಂತರೆ ಇನ್ನೊಂದರ ಚಿಂತೆ, ಇನ್ನೊಂದು ನಿಂತರೆ ಮತ್ತೊಂದರ ಚಿಂತೆ. ಹೀಗೆ ನಾಲ್ಕು ವರ್ಷ ಹಾಯಾಗಿ ಕಳೆದಿದ್ದವು.

ವಾಸ ತುಮಕೂರಿನ ಶೆಟ್ಟಿಹಳ್ಳಿ ಕಡೆ, ಕೆಲಸ ಗುಬ್ಬಿಯ ಒಂದು ಸರ್ಕಾರಿ ಕಚೇರಿಯಲ್ಲಿ. ಯಾವ ಕಚೇರಿ ಅಂತ ಕೇಳಬೇಡಿ, ಅಲ್ಲಿಯವರು ಬೇಜಾರು ಮಾಡಿಕೊಂಡಾರು. ಹತ್ತೊಂಬತ್ತು ವರ್ಷದಿಂದ ಅಲ್ಲಿ ಅವನದು ಒಂದೇ ಕೆಲಸ: ಮಾಸಿಕ ಪ್ರಗತಿ ವರದಿ ತಯಾರಿಸಿ ಮೇಲಕ್ಕೆ ಕಳಿಸುವುದು. ಗುರಿ ಎಷ್ಟು, ಸಾಧನೆ ಎಷ್ಟು, ಶೇಕಡಾ ಎಷ್ಟು, ಕೊನೆಗೆ ಷರಾ. ಈ ಷರಾ ಎಂಬ ಅಂಕಣ ಇದೆಯಲ್ಲ, ಆಗದೇ ಇರುವ ಕೆಲಸಕ್ಕೆಲ್ಲ ಅದೇ ಆಸರೆ. 'ಪ್ರಗತಿಯಲ್ಲಿದೆ' ಎಂದು ಅಲ್ಲಿ ಬರೆದುಬಿಟ್ಟರೆ ಯಾವ ಸಾಹೇಬರೂ ಮುಂದೆ ಕೇಳುವುದಿಲ್ಲ. ಇಷ್ಟು ಚೆಂದದ ಪದ್ಧತಿಯನ್ನು ಕಚೇರಿಯಲ್ಲೇ ಬಿಟ್ಟುಬರಲು ಮನಸ್ಸಾಗದೆ ಚನ್ನೇಶ್ ಅದನ್ನು ಸಾಹಿತ್ಯಕ್ಕೂ ತಂದ.

ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಬರಹಗಾರರ ಬಳಗದ ವಾಟ್ಸಾಪ್ ಗುಂಪಿಗೆ ಅವನ ವರದಿ ಬೀಳುತ್ತಿತ್ತು. ಮೊದಲನೆಯದು 'ಮೂರನೇ ತೂಬು' ಎಂಬ ಕಾದಂಬರಿ, ಶೇಕಡಾ ನಲವತ್ತೆಂಟು. ಎರಡನೆಯದು ತುಮಕೂರಿನಿಂದ ಗುಬ್ಬಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವುದರ ಪ್ರವಾಸ ಕಥನ, ಶೇಕಡಾ ಐವತ್ತು. ಮಲ್ಲಸಂದ್ರದವರೆಗೆ ಏನು ಬರೆಯಬೇಕೆಂದು ಯೋಚಿಸಿ ಆಗಿತ್ತು, ಮಲ್ಲಸಂದ್ರ ಸುಮಾರು ಅರ್ಧ ದಾರಿ, ಲೆಕ್ಕ ಸರಿಹೋಯಿತಲ್ಲ. ಮೂರನೆಯದು ಹನಿಗವನ ಸಂಕಲನ, ಶೇಕಡಾ ಎಪ್ಪತ್ತು. ಅದರಲ್ಲಿ ಮುಕ್ಕಾಲು ಪಾಲು ಹಿಂದೊಮ್ಮೆ ಶುಭೋದಯದ ಸಂದೇಶಗಳಾಗಿದ್ದವು. ನಾಲ್ಕನೆಯದು ಆತ್ಮಕಥೆ. ಅದರ ಕೃತಜ್ಞತೆಯ ಪುಟ ಸಂಪೂರ್ಣ ಸಿದ್ಧವಿತ್ತು, ಬದುಕಿನ ಭಾಗ ಮಾತ್ರ ಬಾಕಿ. ಗುಂಪಿನ ಇನ್ನೂರು ಚಿಲ್ಲರೆ ಜನ ಹೆಬ್ಬೆರಳು ಎತ್ತಿ, ಕೈಮುಗಿದು, ಹೂಗುಚ್ಛ ಕಳಿಸಿ, ತಮ್ಮ ತಮ್ಮ ಬರೆಯದ ಪುಸ್ತಕಗಳ ಕಡೆಗೆ ಹೊರಡುತ್ತಿದ್ದರು.

ಹೆಂಡತಿ ಉಮಾಮಹೇಶ್ವರಿ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದಳು. ದಿನಕ್ಕೆ ಮೂರು ಮುಗಿಸುತ್ತಿದ್ದಳು, ಯಾವ ಗುಂಪಿಗೂ ವರದಿ ಹಾಕುತ್ತಿರಲಿಲ್ಲ.

"ರೀ, ಆ ತೂಬಲ್ಲಿ ಈ ವಾರನಾದ್ರೂ ಒಂದು ತೊಟ್ಟು ನೀರು ಬಂತಾ?" ಎಂದು ಮಿಷನ್ನಿನಿಂದ ತಲೆ ಎತ್ತದೆ ಕೇಳುತ್ತಿದ್ದಳು.

"ನಿನಗೆ ಅರ್ಥ ಆಗಲ್ಲ ಕಣೇ. ಕಾದಂಬರಿ ಅನ್ನೋದು ಒಳಗೇ ಮಾಗಬೇಕು."

"ಮಾಗಲಿ ಬುಡಿ. ನಾನೂ ಗಿರಾಕಿಗಳಿಗೆ ಹಂಗೇ ಹೇಳ್ತೀನಿ. ನಿಮ್ಮ ಬ್ಲೌಸು ನನ್ನೊಳಗೆ ಮಾಗ್ತಾ ಅದೆ, ಮದುವೆ ಮುಗಿಸ್ಕೊಂಡು ಬನ್ನಿ ಅಂತ."

ಇವನ ಸಾಹಿತ್ಯಕ್ಕೆ ಸಾಚಾ ಓದುಗರು ಜಗತ್ತಿನಲ್ಲಿ ಒಬ್ಬರೇ ಇದ್ದರು, ಪುಟ್ಟರಂಗಯ್ಯ ಮೇಷ್ಟ್ರು. ಗುಬ್ಬಿಯ ಹೈಸ್ಕೂಲಿನಲ್ಲಿ ಚನ್ನೇಶನಿಗೆ ಕನ್ನಡ ಕಲಿಸಿ, ನಿವೃತ್ತರಾಗಿ, ಸ್ವಂತ ಊರು ಕುಣಿಗಲ್ಲಿನಲ್ಲಿ ಮಗ ಸೊಸೆಯ ಜೊತೆ ಇದ್ದರು. ವಯಸ್ಸು ಎಂಬತ್ತೊಂದು. ಒಂಬತ್ತನೇ ಕ್ಲಾಸಿನಲ್ಲಿ ಇವನ ಪ್ರಬಂಧ ಓದಿ, "ಲೋ, ನೀನು ಬರೀತೀಯ ಕಣೋ" ಅಂದಿದ್ದರು. ಆ ಒಂದು ಮಾತಿನ ಮೇಲೆ ಚನ್ನೇಶ್ ಮೂವತ್ತು ವರ್ಷ ಬದುಕಿದ್ದ.

ಭಾನುವಾರ ಸಂಜೆಯಾದರೆ ಮೇಷ್ಟ್ರಿಗೆ ಫೋನು. "ಎಲ್ಲಿಗೆ ಬಂತೋ ತೂಬು?" ಎಂದು ಅವರು ಕೇಳುವುದು, ಇವನು ಕಥೆ ಬಿಚ್ಚುವುದು. ಕುಣಿಗಲ್ ಕೆರೆಯಂಥದ್ದೇ ಒಂದು ದೊಡ್ಡ ಕೆರೆ. ಅದರ ನೀರನ್ನು ಪಾಳಿ ಪ್ರಕಾರ ಗದ್ದೆಗಳಿಗೆ ಬಿಡುವ ನೀರುಗಂಟಿ ಬೆಟ್ಟಯ್ಯ. ಏರಿಯಲ್ಲಿ ಮೂರು ತೂಬು, ಮೂರನೆಯದನ್ನು ನಲವತ್ತು ವರ್ಷದಿಂದ ಯಾರೂ ತೆಗೆದಿಲ್ಲ, ತೆಗೆಯಬಾರದು ಅಂತ ಊರಿನ ಕಟ್ಟು. ತೆಗೆದೇ ತೀರುತ್ತೇನೆ ಅಂತ ಹಟ ಹಿಡಿದವಳು ಬೆಟ್ಟಯ್ಯನ ಮಗಳು ಗಿರಿಯಮ್ಮ. ಸುಳ್ಳು ಯಾಕೆ ಹೇಳಬೇಕು, ಚನ್ನೇಶ್ ಕಥೆ ಹೇಳುತ್ತಿದ್ದರೆ ಮೇಷ್ಟ್ರು ಆ ಕಡೆ ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಬಾಯಲ್ಲಿ ಅವನು ದೊಡ್ಡ ಕಾದಂಬರಿಕಾರನೇ. ಕೈಗೆ ಪೆನ್ನು ಬಂದರೆ ಮಾತ್ರ ಪರದಾಟ. ನಾಲ್ಕು ವರ್ಷದಲ್ಲಿ ಕಾಗದದ ಮೇಲೆ ಇಳಿದದ್ದು ಒಂದೂವರೆ ಪುಟ.

ಜನವರಿಯ ಒಂದು ಭಾನುವಾರ ಮೇಷ್ಟ್ರು ಕಥೆ ಕೇಳಲಿಲ್ಲ.

"ಕಣ್ಣಿನ ಡಾಕ್ಟ್ರ ಹತ್ರ ಹೋಗಿದ್ದೆ ಕಣೋ. ಒಳಗಿನ ಪರದೆ ಸವೆದೋಗೈತಂತೆ. ಆಪರೇಷನ್ನೂ ಇಲ್ಲ, ಏನೂ ಇಲ್ಲ. ಮೊದಲು ಅಕ್ಷರ ಹೋಯ್ತದಂತೆ, ಆಮೇಲೆ ಮುಖಗಳು. ಅಕ್ಷರಕ್ಕೆ ಇನ್ನೊಂದು ಏಳೆಂಟು ತಿಂಗಳು ಅಂದ್ರು."

ಚನ್ನೇಶ್ ಫೋನನ್ನು ಕಿವಿಗೊತ್ತಿಕೊಂಡು ಮೂಗು ಒರೆಸಿಕೊಂಡ.

"ಅಳೋದೇನಿಲ್ಲ ಬುಡು. ಜೀವಮಾನ ಪೂರ್ತಿ ಓದಿದೀನಿ. ಕೊನೇಲಿ ಓದೋ ಪುಸ್ತಕ ನಿಂದಾಗಲಿ ಅಂತ ಒಂದಾಸೆ. ಬೇಗ ಮುಗಿಸಪ್ಪ."

ಅವತ್ತು ಚನ್ನೇಶ್ ಫೋನು ಇಟ್ಟವನೇ ಮೇಜಿನ ಮುಂದೆ ಕೂತ. ಬರೆದೇ ಬರೆಯುತ್ತೇನೆ ಎಂದು ಪಣತೊಟ್ಟ. ಮೊದಲು ಹೊಸ ಪೆನ್ನು ಕೊಂಡ. ಬೆನ್ನು ನೋಯದ ಕುರ್ಚಿ ತಂದ. ಮೇಜನ್ನು ಕಿಟಕಿಯ ಹತ್ತಿರ ಸರಿಸಿದ, ಬಿಸಿಲು ಬಿತ್ತು, ವಾಪಸ್ ಸರಿಸಿದ. ಕೆರೆ ನೋಡದೆ ಕೆರೆಯ ಬಗ್ಗೆ ಬರೆಯುವುದು ಮೋಸ ಅನ್ನಿಸಿ ಎರಡು ಶನಿವಾರ ಕೆರೆ ನೋಡಲು ಹೋದ, ಕೆರೆಯ ಮುಂದೆ ನಿಂತು ಸೆಲ್ಫಿ ತೆಗೆದು ಗುಂಪಿಗೆ 'ಕ್ಷೇತ್ರಕಾರ್ಯ' ಎಂದು ಹಾಕಿದ. ಇಷ್ಟೆಲ್ಲ ಆಗುವಷ್ಟರಲ್ಲಿ ಮಾರ್ಚ್ ಬಂತು.

ಮಾರ್ಚ್ ಅಂದರೆ ಏನೆಂದು ಸರ್ಕಾರಿ ಕಚೇರಿಯಲ್ಲಿ ಕೂತವರಿಗೆ ಮಾತ್ರ ಗೊತ್ತು. ಹನ್ನೊಂದು ತಿಂಗಳು ತೆವಳಿದ ಕೆಲಸವೆಲ್ಲ ಮೂವತ್ತೊಂದನೇ ತಾರೀಖಿಗೆ ಶೇಕಡಾ ನೂರು ಆಗಬೇಕು. ಆಗದಿದ್ದರೂ ಆಗಬೇಕು. ಆ ವಾರವಿಡೀ ಚನ್ನೇಶ್ ನೂರು, ನೂರು, ನೂರು ಎಂದು ತುಂಬಿ ತುಂಬಿ ಭಾನುವಾರ ಮನೆಯಲ್ಲಿ ಕೂತು ಬಳಗದ ವರದಿಯನ್ನೂ ತುಂಬಿದ. ತಲೆ ಎಲ್ಲಿತ್ತೋ, ಹತ್ತೊಂಬತ್ತು ಮಾರ್ಚ್ ಕಂಡ ಕೈ ತನ್ನ ಪಾಡಿಗೆ ತಾನು ಬರೆಯಿತು. 'ಮೂರನೇ ತೂಬು: ಶೇಕಡಾ ನೂರು. ಷರಾ: ಪೂರ್ಣಗೊಂಡಿದೆ.' ಕಳಿಸಿ, ಸ್ನಾನಕ್ಕೆ ಹೋದ.

ಸ್ನಾನ ಮುಗಿಸಿ ಬರುವ ಹೊತ್ತಿಗೆ ಅರವತ್ತಮೂರು ಅಭಿನಂದನೆ ಬಂದಿದ್ದವು. ಬಳಗದ ಅಧ್ಯಕ್ಷ ಶಿವರಾಮಯ್ಯ ಫೋಟೋ ಸಮೇತ ಒಂದು ಪೋಸ್ಟರನ್ನೇ ಮಾಡಿ ಹಾಕಿದ್ದರು. ಸಂದೇಶ ಅಳಿಸೋಣವೆಂದು ಬೆರಳು ಇಟ್ಟ ಹೊತ್ತಿಗೆ ಸರಿಯಾಗಿ ಕುಣಿಗಲ್ಲಿನಿಂದ ಫೋನು.

"ಶಿವರಾಮಯ್ಯ ಹೇಳ್ದ ಕಣೋ! ಮುಗಿಸಿಬಿಟ್ಟಿಯಂತೆ!" ಎಂದು ಮೇಷ್ಟ್ರು ಕೂಗಿದರು. "ಮುನ್ನುಡಿ ನಾನೇ ಬರೀತೀನಿ, ಇನ್ಯಾರಿಗೂ ಕೊಡಬೇಡ. ಕಥೆಯೆಲ್ಲ ನೀನು ಹೇಳಿದ್ದೇ ಐತಲ್ಲ. ಪುಸ್ತಕ ಮಾತ್ರ ಅಚ್ಚಾದ ಮೇಲೇ ಓದ್ತೀನಿ. ಕೈಬರಹ ಓದಿ ಕಣ್ಣು ಖರ್ಚು ಮಾಡಲ್ಲ."

ಇಲ್ಲ ಸಾರ್, ಕೈತಪ್ಪಿ ಬರೆದೆ ಎನ್ನಬೇಕಿತ್ತು. ನಾಲ್ಕು ಪದದ ಮಾತು. "ಆಗಲಿ ಸಾರ್" ಅಂದುಬಿಟ್ಟ.

ಹನ್ನೆರಡು ದಿನಕ್ಕೆ ಮುನ್ನುಡಿ ಬಂತು, ಹದಿನಾಲ್ಕು ಹಾಳೆ. ಭೂತಗನ್ನಡಿ ಹಿಡಿದು, ದಿನಕ್ಕೆ ಒಂದೆರಡು ಹಾಳೆಯಂತೆ ಬರೆದದ್ದು; ಸಾಲುಗಳು ಮೇಲೆ ಕೆಳಗೆ ಓಲಾಡಿದ್ದವು. ಓದುತ್ತಾ ಚನ್ನೇಶನಿಗೆ ತನ್ನ ಕಾದಂಬರಿ ಇಷ್ಟು ಚೆನ್ನಾಗಿದೆಯೇ ಎಂದು ಆಶ್ಚರ್ಯವಾಯಿತು. ಶಿವರಾಮಯ್ಯನವರು ಮೇ ತಿಂಗಳ ಎರಡನೇ ಭಾನುವಾರಕ್ಕೆ ಗುಬ್ಬಿಯಲ್ಲಿ ಸಭಾಂಗಣ ಗೊತ್ತುಮಾಡಿ, ಕಾರ್ಡು ಹಂಚಿ, ಉಪ್ಪಿಟ್ಟು ಕೇಸರಿಬಾತಿಗೂ ಹೇಳಿ ಆಗಿತ್ತು. ಇನ್ನುಳಿದದ್ದು ಒಂದೇ ಕೆಲಸ, ಕಾದಂಬರಿ ಬರೆಯುವುದು.

ಏಪ್ರಿಲ್ ಪೂರ್ತಿ ಒದ್ದಾಡಿದ. ಒಂದೂವರೆ ಪುಟ ಎರಡೂಕಾಲು ಪುಟವಾಯಿತು. ಕೊನೆಗೆ ತುಮಕೂರಿನ ಅಶೋಕ ರಸ್ತೆಯ ಹಿಂದಿನ ಗಲ್ಲಿಯಲ್ಲಿ ಪ್ರೆಸ್ ಇಟ್ಟಿದ್ದ ಕೃಷ್ಣಕುಮಾರನ ಮುಂದೆ ಹೋಗಿ ಮುಖ ಹುಳ್ಳಗೆ ಮಾಡಿಕೊಂಡು ಕೂತ.

"ಅಯ್ಯೋ, ಇಷ್ಟಕ್ಕೆ ಯಾಕಣ್ಣ ತಲೆ ಕೆಡಿಸ್ಕೊಂತೀರಾ?" ಎಂದ ಕೃಷ್ಣಕುಮಾರ. "ಹತ್ತು ಡಮ್ಮಿ ಮಾಡ್ಕೊಡ್ತೀನಿ. ಮುಖಪುಟ ಕಲರ್‌ನಲ್ಲಿ, ಒಳಗಡೆ ಮುನ್ನುಡಿ ಪ್ರಿಂಟು, ಉಳಿದದ್ದು ನೂರಅರವತ್ತು ಪುಟ ಖಾಲಿ ಹಾಳೆ. ಬೈಂಡಿಂಗ್ ಫಸ್ಟ್ ಕ್ಲಾಸ್. ಸ್ಟೇಜ್ ಮೇಲೆ ಬಣ್ಣದ ಕಾಗದ ಬಿಚ್ಚಿ ಎತ್ತಿ ತೋರಿಸ್ತಾರೆ, ಫೋಟೋ ಹೊಡೀತಾರೆ, ಮುಗೀತು. ಎಷ್ಟೋ ಜನಕ್ಕೆ ಮಾಡ್ಕೊಟ್ಟಿದೀನಿ. ಅಸಲಿ ಆಮೇಲೆ ನಿಧಾನಕ್ಕೆ ಮಾಡೋಣ."

"ಯಾರಾದ್ರೂ ತೆಗೆದು ನೋಡಿಬಿಟ್ರೆ?"

ಕೃಷ್ಣಕುಮಾರ ನಕ್ಕೂ ನಕ್ಕೂ ಕೆಮ್ಮಿದ. "ಇಪ್ಪತ್ತೆರಡು ವರ್ಷದಿಂದ ಪುಸ್ತಕ ಪ್ರಿಂಟ್ ಮಾಡ್ತಿದೀನಿ. ಬಿಡುಗಡೆ ದಿನ ಪುಸ್ತಕ ತೆಗೆದು ನೋಡಿದೋನ್ನ ಇನ್ನೂ ನೋಡಿಲ್ಲ."

ಅವನ ಅನುಭವ ಸುಳ್ಳಾಗಲಿಲ್ಲ. ಬಿಡುಗಡೆ ಭರ್ಜರಿಯಾಗಿಯೇ ನಡೆಯಿತು. ವೇದಿಕೆಯ ಮೇಲೆ ಮೇಷ್ಟ್ರೂ ಸೇರಿ ಒಂಬತ್ತು ಜನ, ಒಂಬತ್ತು ಜನಕ್ಕೂ ಶಾಲು, ಹಾರ, ಡಮ್ಮಿ. ಪುಸ್ತಕ ಎದೆಯ ಮಟ್ಟಕ್ಕೆ ಹಿಡಿದು ಕ್ಯಾಮರಾ ನೋಡಿದರು. ಒಬ್ಬರು ಕಾದಂಬರಿಯ ಭಾಷೆ ಎಳನೀರಿನಷ್ಟು ತಿಳಿ ಅಂದರು. ಇನ್ನೊಬ್ಬರು ಮಧ್ಯಭಾಗ ಸ್ವಲ್ಪ ಎಳೆದಂತಾಗಿದೆ, ಮುಂದಿನ ಮುದ್ರಣದಲ್ಲಿ ಲೇಖಕರು ಗಮನಿಸಲಿ ಎಂದು ಸಲಹೆ ಕೊಟ್ಟರು. ಶಿವರಾಮಯ್ಯನವರು "ಒಂದೇ ಉಸಿರಿಗೆ ಓದಿ ಮುಗಿಸಿದೆ" ಅಂದರು; ಇದೊಂದು ಮಾತು ನಿಜವಿರಬಹುದು, ಹದಿನಾಲ್ಕು ಹಾಳೆಯ ನಂತರ ಓದಲು ಏನೂ ಇರಲಿಲ್ಲವಲ್ಲ. ಮುಂದಿನ ವಾರ ಜಿಲ್ಲೆಯ ಒಂದು ಪತ್ರಿಕೆಯಲ್ಲಿ ವಿಮರ್ಶೆಯೂ ಬಂತು. 'ಓದುಗನಿಗೆ ಯೋಚಿಸಲು ಸಾಕಷ್ಟು ಜಾಗ ಬಿಟ್ಟಿರುವ ಕೃತಿ' ಎಂದಿತ್ತು.

ಎಲ್ಲವೂ ಸುಸೂತ್ರ, ಒಂದು ಬಿಟ್ಟು. ಬಿಡುಗಡೆಯ ದಿನ ಕಾರ್ಯಕ್ರಮ ಮುಗಿದ ಮೇಲೆ ಚನ್ನೇಶ್ ಮೇಷ್ಟ್ರ ಕೈಯಿಂದ ಡಮ್ಮಿ ಕಿತ್ತುಕೊಳ್ಳಲು ನೋಡಿದ್ದ. "ಸಾರ್, ಈ ಪ್ರತೀಲಿ ಅಚ್ಚಿನ ತಪ್ಪು ಜಾಸ್ತಿ ಉಳ್ಕೊಂಡಿದೆ. ಬೇರೆ ಕಳಿಸ್ತೀನಿ."

"ತಪ್ಪು ತಿದ್ದೋದೇ ಅಲ್ವೇನೋ ನಾನು ಮೂವತ್ತೈದು ವರ್ಷ ಮಾಡಿದ್ದು? ಬುಡು, ಬುಡು." ಮೇಷ್ಟ್ರು ಪುಸ್ತಕವನ್ನು ಶಾಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಮಗನ ಕಾರು ಹತ್ತಿದರು.

ಭೂತಗನ್ನಡಿ ಕೆಳಗೆ ದಿನಕ್ಕೆ ಒಂದು ಪುಟ ಓದುವವರು. ಮುನ್ನುಡಿ ದಾಟಲು ಹದಿನೈದು ದಿನವಾದರೂ ಬೇಕು, ಅಷ್ಟರಲ್ಲಿ ಏನಾದರೂ ಮಾಡೋಣ ಎಂದುಕೊಂಡ ಚನ್ನೇಶ್. ಏನಾದರೂ ಮಾಡೋಣ ಎಂಬ ಸ್ಥಿತಿಯಲ್ಲೇ ಹದಿನಾರು ದಿನ ಕಳೆದ. ಹದಿನೇಳನೆಯ ದಿನ ಮೇಷ್ಟ್ರ ಸೊಸೆ ಮಾನಸಾ ಫೋನು ಮಾಡಿದಳು.

"ಚನ್ನೇಶಣ್ಣ, ಒಂದ್ಸಲ ಬಂದೋಗ್ತೀರಾ? ಮಾವ ಮೊನ್ನೆಯಿಂದ ಸರಿಯಾಗಿ ಊಟ ಮಾಡ್ತಿಲ್ಲ. ನಿಮ್ಮ ಪುಸ್ತಕ ಓದ್ತಾ ಓದ್ತಾ ಕಣ್ಣು ಹೋಗಿಬಿಡ್ತಂತೆ. ಅಕ್ಷರ ಒಂದೂ ಕಾಣಲ್ಲ ಅಂತಾರೆ. ಪುಸ್ತಕ ದಿಂಬಿನ ಕೆಳಗೆ ಇಟ್ಕೊಂಡವ್ರೆ, ಯಾರನ್ನೂ ಮುಟ್ಟಕ್ಕೆ ಬಿಡ್ತಿಲ್ಲ."

ವಿಷಯ ಕೇಳಿ ಉಮಾಮಹೇಶ್ವರಿ ಹೊಲಿಗೆ ನಿಲ್ಲಿಸಿದಳು. ತಮಾಷೆ ಮಾಡಲಿಲ್ಲ, ಅದಕ್ಕೇ ಅವನಿಗೆ ಹೆಚ್ಚು ಹೆದರಿಕೆಯಾದದ್ದು.

"ಹೋಗಿ ನಿಜ ಹೇಳಿ. ನಿಮ್ಮ ಮಾನ ಹೋದ್ರೆ ಹೋಗ್ಲಿ," ಎಂದಳು. "ಅವ್ರಿಗೆ ಕಣ್ಣಿರೋವಾಗ್ಲೇ ಕುರುಡು ಮಾಡಿದೀರಲ್ರೀ."

ಹೆಬ್ಬೂರಿನ ಮೇಲೆ ಹೋಗುವ ಬಸ್ಸು ಹಿಡಿದ. ದಾರಿಯುದ್ದಕ್ಕೂ ಸುಳ್ಳು ಹೊಂದಿಸಿದ: ಪ್ರೆಸ್ಸಿನವನ ತಪ್ಪು, ಬೈಂಡಿಂಗ್‌ನವನ ತಪ್ಪು, ಇಂಕಿನ ತಪ್ಪು. ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವ ಹೊತ್ತಿಗೆ ತಪ್ಪು ಮಾಡದೇ ಉಳಿದವನು ಅವನೊಬ್ಬನೇ.

ಮೇಷ್ಟ್ರು ಕಿಟಕಿಯ ಪಕ್ಕದ ಮಂಚದ ಮೇಲೆ ಕೂತಿದ್ದರು. ಮುಖ ಇಳಿದುಹೋಗಿತ್ತು. ದನಿ ಕೇಳಿ, "ಚನ್ನೇಶನೇನೋ?" ಎಂದು ಕೈ ಚಾಚಿ ಪಕ್ಕದಲ್ಲಿ ಕೂರಿಸಿಕೊಂಡರು.

"ಮುನ್ನುಡಿ ಮುಗಿಯೋವರ್ಗೂ ಓದ್ದೆ ಕಣಪ್ಪ. ಆಮೇಲೆ ಪುಟ ತಿರುವಿದ್ರೆ ಬರೀ ಬೆಳ್ಳಗೆ. ಇನ್ನೊಂದು ಪುಟ, ಅದೂ ಬೆಳ್ಳಗೆ. ಆಗ ಹೊಳೀತು, ಮುನ್ನುಡೀನೂ ನಾನು ಓದಿರ್ಲಿಲ್ಲ. ನಾನೇ ಬರ್ದಿದ್ದಲ್ವಾ, ಬಾಯಿಪಾಠ ಇತ್ತು, ಕಂಡಂಗೆ ಆಯ್ತು ಅಷ್ಟೇ. ಆಮೇಲೆ ಪೇಪರ್ ಕೂಡ ಮುಟ್ಟಿಲ್ಲ. ಡಾಕ್ಟ್ರು ಹೇಳಿದ್ದೇ ಇದು. ಮೊದಲು ಅಕ್ಷರ ಹೋಯ್ತದೆ ಅಂತ."

ಮುಂಚೆ ಹೊಂದಿಸಿದ್ದ ಸುಳ್ಳು ಒಂದೂ ಬಾಯಿಗೆ ಬರಲಿಲ್ಲ.

"ನಿನ್ನ ಮೇಲೆ ಬೇಜಾರಿಲ್ಲ. ನೀನು ನಿನ್ನ ಮಾತು ಉಳಿಸ್ಕೊಂಡೆ. ನನಗೇ ಯೋಗ ಇರ್ಲಿಲ್ಲ." ಮೇಷ್ಟ್ರು ದಿಂಬಿನ ಕೆಳಗಿನಿಂದ ಪುಸ್ತಕ ತೆಗೆದು ಅವನ ತೊಡೆಯ ಮೇಲಿಟ್ಟರು. "ನೀನೇ ಓದಿ ಹೇಳು. ನಿನ್ನ ಬಾಯಲ್ಲೇ ಕೇಳ್ಬಿಡ್ತೀನಿ."

ನೋಡಿ, ಪಾರಾಗುವ ದಾರಿ ತಾನಾಗಿ ಬಂದು ಕೈಗೆ ಸಿಕ್ಕಿತು. ಖಾಲಿ ಪುಟ ಹಿಡಿದು ಬಾಯಿಗೆ ಬಂದದ್ದು ಹೇಳಿದರಾಯಿತು, ಅದರಲ್ಲಂತೂ ಅವನು ಪಳಗಿದವನು. ಪುಸ್ತಕ ತೆರೆದ. "ಅವತ್ತು ಕೆರೆ ಕೋಡಿ ಬೀಳಲು ಇನ್ನೂ ಎರಡು ಗೇಣು ಇತ್ತು. ಬೆಟ್ಟಯ್ಯ ಏರಿಯ ಮೇಲೆ ಕೂತು..." ಎಂದು ಶುರು ಮಾಡಿದ. ಮೇಷ್ಟ್ರು ಕಣ್ಣು ಮುಚ್ಚಿ ತಲೆದೂಗಿದರು. ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಕೈ ಮಾತ್ರ ಮಂಚದ ಮೇಲೆ ತಡಕಾಡಿ, ಭೂತಗನ್ನಡಿಯನ್ನು ಹುಡುಕಿ, ಅವನ ಕಡೆ ನೂಕಿತು.

"ಇದನ್ನ ನೀನೇ ಮಡಿಕ್ಕೋ ಚನ್ನೇಶ. ನನಗಿನ್ಯಾಕೆ."

ಚನ್ನೇಶನ ಓದು ಅಲ್ಲಿಗೆ ನಿಂತಿತು.

"ಸಾರ್," ಎಂದ. "ಸಾರ್, ನಿಮ್ಮ ಕಣ್ಣಿಗೆ ಏನೂ ಆಗಿಲ್ಲ. ಪುಸ್ತಕದಲ್ಲೇ ಏನೂ ಇಲ್ಲ. ನಾನು ಬರ್ದೇ ಇಲ್ಲ ಸಾರ್. ನಾಲ್ಕು ವರ್ಷದಿಂದ ಬರ್ದೇ ಇಲ್ಲ."

ಮೇಷ್ಟ್ರು ಕಣ್ಣು ತೆರೆದರು. ಅರ್ಥವಾಗದವರ ಹಾಗೆ ಅವನ ಕಡೆ ತಿರುಗಿದರು. ಚನ್ನೇಶ್ ಎದ್ದು ಓಡಿ ಜಗಲಿಯ ಮೇಲಿದ್ದ ದಿನಪತ್ರಿಕೆ ತಂದು, ಅವರ ಕೈಗೆ ಭೂತಗನ್ನಡಿ ಕೊಟ್ಟು, ಸಿಕ್ಕ ಪುಟವನ್ನು ಕೆಳಗೆ ಹಿಡಿದ. ಮೇಷ್ಟ್ರು ಬಗ್ಗಿದರು. ತುಟಿ ಅಲುಗಿತು.

"ಬೋ... ಬೋರ್‌ವೆಲ್... ಬೋರ್‌ವೆಲ್ ಕೊರೆಯಲಾಗುವುದು. ನುರಿತ... ಕೆಲಸಗಾರರು. ಸಂಪರ್ಕಿಸಿ." ತಲೆ ಎತ್ತಿ ಮನೆ ಹಾರಿಹೋಗುವ ಹಾಗೆ ಕೂಗಿದರು, "ಮಾನಸಾ! ಕಾಣ್ತದೆ ಕಣಮ್ಮ! ಬೋರ್‌ವೆಲ್ ಕಾಣ್ತದೆ!"

ಆ ಜಾಹೀರಾತನ್ನು ಮೇಷ್ಟ್ರು ಮೂರು ಸಲ ಓದಿದರು, ಫೋನ್ ನಂಬರನ್ನೂ ಬಿಡಲಿಲ್ಲ. ಮಾನಸಾ ತಂದಿಟ್ಟ ರಾಗಿಮುದ್ದೆ, ಬಸ್ಸಾರು ಪೂರ್ತಿ ಖಾಲಿಮಾಡಿದರು. ಚನ್ನೇಶನ ಪುಸ್ತಕ ಟೊಳ್ಳು ಎಂಬುದರಷ್ಟು ಸಂತೋಷದ ಸುದ್ದಿಯನ್ನು ಅವರು ಬಹುಕಾಲದಿಂದ ಕೇಳಿರಲಿಲ್ಲ. ಇಷ್ಟು ಜನರನ್ನು ಖುಷಿಪಡಿಸಿದ ಪುಸ್ತಕ ಬೇರೆ ಇಲ್ಲ ಬಿಡಿ.

ಕೈ ತೊಳೆದುಕೊಂಡು ಬಂದ ಮೇಲೆ ಅವರಿಗೆ ಸಿಟ್ಟು ನೆನಪಾಯಿತು.

"ಬಾರ್ಲಾ ಇಲ್ಲಿ." ನಲವತ್ತನಾಲ್ಕು ವರ್ಷದ ಸರ್ಕಾರಿ ನೌಕರ ಹೋಗಿ ತಲೆ ಬಗ್ಗಿಸಿ ನಿಂತ. ಮೇಷ್ಟ್ರು ಕಿವಿ ಹುಡುಕಿ ಹಿಡಿದು ಕಣ್ಣಲ್ಲಿ ನೀರು ಬರುವ ಹಾಗೆ ಹಿಂಡಿದರು. "ಹನ್ನೆರಡು ದಿನ ಕಣೋ. ಇರೋ ಒಂಚೂರು ಕಣ್ಣನ್ನ ಹನ್ನೆರಡು ದಿನ ನಿನ್ನ ಮುನ್ನುಡಿಗೆ ಸುರಿದಿದೀನಿ. ಅಷ್ಟರಲ್ಲಿ ಏನೇನು ಓದ್ಬೋದಿತ್ತು ನಾನು!"

ಇದಕ್ಕೆ ಬರೆಯುವ ಷರಾ ಚನ್ನೇಶನ ಇಡೀ ಇಲಾಖೆಯಲ್ಲೇ ಇರಲಿಲ್ಲ.

ಮೇಷ್ಟ್ರು ಕಿವಿ ಬಿಟ್ಟರು. ಡಮ್ಮಿಯನ್ನು ತೆರೆದು, ಮುನ್ನುಡಿಯ ಮುಂದಿನ ಬಿಳಿ ಪುಟದ ಮೇಲೆ ಅಂಗೈ ಸವರಿದರು.

"ಒಳ್ಳೆ ಕಾಗದ. ಪೆನ್ನು ತೆಗಿ, ಇದರಲ್ಲೇ ಬರಿ. ಇಲ್ಲೇ ಕೂತು ಬರಿ. ಈಗ ಹೇಳಿದ್ಯಲ್ಲ, ಕೆರೆ ಕೋಡಿ ಬೀಳೋಕೆ ಎರಡು ಗೇಣು, ಅಲ್ಲಿಂದ. ನನಗೆ ಕಾಣೋ ಹಂಗೆ ಬರಿ."

ಅವತ್ತು ಮೂರು ಪುಟವಾಯಿತು. ಮೇಷ್ಟ್ರು ಪಕ್ಕದಲ್ಲೇ ಕೂತು, ಒಂದೊಂದು ಪುಟ ಮುಗಿದ ಹಾಗೆ ಭೂತಗನ್ನಡಿ ಹಿಡಿದು ಓದಿ, ಏಳು ತಪ್ಪು ಹುಡುಕಿದರು.

ಅಲ್ಲಿಂದ ಮುಂದೆ ಚನ್ನೇಶನ ಪ್ರಗತಿ ವರದಿ ಬಳಗಕ್ಕೆ ಹೋಗಲಿಲ್ಲ. ಪ್ರವಾಸ ಕಥನ ಮಲ್ಲಸಂದ್ರದಲ್ಲೇ ಇಳಿದುಹೋಯಿತು, ಹನಿಗವನ, ಆತ್ಮಕಥೆಗಳನ್ನು ಯಾರೂ ಕೇಳಲಿಲ್ಲ. ಶಿವರಾಮಯ್ಯ ಮಾತ್ರ ಒಮ್ಮೆ ಫೋನು ಮಾಡಿ, 'ಮೂರನೇ ತೂಬು' ಎರಡನೇ ಸಲ ಓದುತ್ತಿದ್ದೇನೆ, ಮೊದಲಿಗಿಂತ ಚೆನ್ನಾಗಿದೆ ಅಂದರು. ಪ್ರತಿ ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಕುಣಿಗಲ್. ಸಂಜೆಯವರೆಗೆ ಬರೆಯುವುದು, ಅವರು ಓದುವುದು. ಮನೆಯಲ್ಲಿ ಬರೆದು ತರುತ್ತೇನೆ ಅಂದದ್ದಕ್ಕೆ ಮೇಷ್ಟ್ರು ಒಪ್ಪಲಿಲ್ಲ. ನಿನ್ನ ಮನೆಯಲ್ಲಿ ಏನೇನಾಗುತ್ತದೆ ಅಂತ ನೋಡಿದ್ದೇನಲ್ಲ ಅಂದರು.

ಮೊದಲ ವಾರ ಪುಟಕ್ಕೆ ಹದಿನೆಂಟು ಸಾಲು ಹಿಡಿಸಿತ್ತು. ಜೂನ್ ಕೊನೆಗೆ, "ಇನ್ನೂ ಒಂಚೂರು ದಪ್ಪ ಬರಿಯೋ" ಅಂದರು, ಹನ್ನೆರಡು ಸಾಲಾಯಿತು. ಆಗಸ್ಟಿನಲ್ಲಿ ಏಳು. ಬಾಲ್ ಪೆನ್ನು ಹೋಗಿ ಸ್ಕೆಚ್ ಪೆನ್ನು ಬಂತು, ಸ್ಕೆಚ್ ಪೆನ್ನು ಹೋಗಿ ಮಾರ್ಕರ್ ಬಂತು. ಕಥೆ ಮುಗಿಯುವುದಕ್ಕಿಂತ ಮೊದಲು ಪುಟ ಮುಗಿದೀತೋ, ಪುಟ ಮುಗಿಯುವುದಕ್ಕಿಂತ ಮೊದಲು ಮೇಷ್ಟ್ರ ಕಣ್ಣು ಮುಗಿದೀತೋ ಎಂದು ಚನ್ನೇಶನಿಗೆ ಕಚೇರಿಯಲ್ಲೂ ಅದೇ ಲೆಕ್ಕ. ಉಮಾಮಹೇಶ್ವರಿ ಈಗ ತೂಬಿನ ನೀರಿನ ಬಗ್ಗೆ ಕೇಳುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಎದ್ದು ಅವನಿಗೆ ಬುತ್ತಿ ಕಟ್ಟುತ್ತಿದ್ದಳು.

ಸೆಪ್ಟೆಂಬರ್ ಎರಡನೇ ಭಾನುವಾರ ಪುಟಕ್ಕೆ ಮೂರೇ ಸಾಲು. ಮೇಷ್ಟ್ರು ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿಕೊಂಡು, ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದರು. ಏರಿ. ಮುಂಜಾವು. ಗಿರಿಯಮ್ಮ ಮೂರನೇ ತೂಬಿನ ತಿರುಗಣೆಗೆ ಕೈಯಿಟ್ಟಿದ್ದಳು, ಬೆಟ್ಟಯ್ಯ ದೂರದಿಂದ ಓಡಿಬರುತ್ತಿದ್ದ. ಸಾಲು ಮುಗಿದರೂ ಬೆರಳು ಖಾಲಿ ಜಾಗದಲ್ಲಿ ಮುಂದಕ್ಕೆ ಹೋಯಿತು.

"ತೆಗೀತಾಳೋ ಇಲ್ವೋ?"

"ಹೊತ್ತಾಯ್ತು ಸಾರ್. ಮುಂದಿನ ವಾರ ಬಂದು..."

"ಮುಂದಿನ ವಾರ ಅನ್ಬೇಡ ಕಣೋ," ಎಂದರು ಮೇಷ್ಟ್ರು. "ಈಗ್ಲೇ ಬರಿ. ಎಷ್ಟು ದಪ್ಪ ಆಗ್ತದೋ ಅಷ್ಟು ದಪ್ಪ ಬರಿ."

ಚನ್ನೇಶ್ ಹೊಸ ಪುಟ ತಿರುವಿದ. ಮಾರ್ಕರ್ ಹಿಡಿದು, ಒಂದೊಂದು ಗೆರೆಯನ್ನೂ ಎರಡೆರಡು ಸಲ ತೀಡಿ, ಇಡೀ ಪುಟ ತುಂಬುವ ಹಾಗೆ ಒಂದೇ ಪದ ಬರೆದು ಅವರ ಕಣ್ಣಿನ ಹತ್ತಿರ ಹಿಡಿದ.

"ತೆಗೆದಳು," ಎಂದು ಮೇಷ್ಟ್ರು ಓದಿದರು.